ಯಾರ ಮುಸುರೆ, ಯಾರ ಹಂದಿ?



ಇಂಗ್ಲಿಷಿನಲ್ಲಿ 'ಕಿಚನ್ ಸ್ಕ್ರ್ಯಾಪ್ಸ್' ಅಂದುಬಿಟ್ಟರೆ ಮುಗಿಯಿತು. ಆಲೂಗಡ್ಡೆ ಸಿಪ್ಪೆ, ಒಣಗಿದ ಬ್ರೆಡ್ಡು, ಮಗು ತಟ್ಟೆಯಲ್ಲಿ ಬಿಟ್ಟ ಪಾಸ್ತಾ ಎಲ್ಲಕ್ಕೂ ಅದೊಂದೇ ಹೆಸರು. ಕನ್ನಡದ ಅಡಿಗೆಮನೆಯಲ್ಲಿ ಅಷ್ಟು ಸಲೀಸಲ್ಲ. ರಾತ್ರಿ ಉಳಿದ ಅನ್ನ ತಂಗಳು. ಅದು ಇನ್ನೂ ಮನುಷ್ಯರ ಊಟವೇ, ಬೆಳಿಗ್ಗೆ ಒಗ್ಗರಣೆ ಬಿದ್ದರೆ ಚಿತ್ರಾನ್ನ. ಅಕ್ಕಿ ತೊಳೆದ ನೀರಿಗೆ ತರಕಾರಿ ಸಿಪ್ಪೆ, ಒಂದು ಹಿಡಿ ತೌಡು ಸೇರಿದರೆ ಕಲಗಚ್ಚು. ಅದು ದನದ ಬಾನಿಗೆ. ಪಾತ್ರೆಗೆ ಅಂಟಿ ಉಳಿದ ಅಗುಳು, ತಳ ತೊಳೆದ ನೀರು ಮುಸುರೆ, ಅದು ಹಿತ್ತಲಿಗೆ. ಇನ್ನು ಬಾಯಿ ಸೋಕಿದ್ದು ಎಂಜಲು. ಅದನ್ನು ಮುಟ್ಟಿದ ಕೈ ತೊಳೆಯಬೇಕು.

ಈ ನಾಲ್ಕು ಮಾತುಗಳಲ್ಲಿ ಪ್ರೋಟೀನು, ಕ್ಯಾಲೊರಿಗಳ ಲೆಕ್ಕವಿಲ್ಲ. ಯಾವುದು ಯಾರ ಬಾಯಿಗೆ ಸೇರಬೇಕು ಎಂಬ ಲೆಕ್ಕವಿದೆ. ದನಕ್ಕೊಂದು, ಕೋಳಿಗೊಂದು, ನಾಯಿಗೊಂದು. ನಾಯಿ ಕೋಳಿಗಳ ಸಾಲಿನಲ್ಲೇ ಒಂದಷ್ಟು ಮನುಷ್ಯರನ್ನೂ ನಿಲ್ಲಿಸಿ, ಅವರಿಗೆ ಎಂಜಲು ಎಂದು ಹಂಚಿಟ್ಟ ಸಮಾಜ ನಮ್ಮದು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಈ ವರ್ಷ ನಮ್ಮ ಕೂಟದಲ್ಲಿ 'ಊಟ' ಎಂಬ ವಿಷಯ ಇಟ್ಟುಕೊಂಡು ಓದುತ್ತಿದ್ದೇವೆ. ನೊವೆಲ್ಲಾ ಕಾರ್ಪೆಂಟರ್ ಅವರ 'ಫಾರ್ಮ್ ಸಿಟಿ' (2009) ಚರ್ಚೆಗೆ ಬಂದಾಗ ಸಸ್ಯಾಹಾರಿಗಳೂ ಸೇರಿ ಬಹಳ ಮಂದಿ ಮೆಚ್ಚಿಕೊಂಡರು. 'ತಾನು ತಿನ್ನುವುದನ್ನು ತಾನೇ ಕೊಲ್ಲುವ ಪ್ರಾಮಾಣಿಕತೆ' ಎನ್ನುವುದು ಎಲ್ಲರ ಬಾಯಲ್ಲಿ ಬಂದ ಹೊಗಳಿಕೆ. ಕನ್ನಡದಲ್ಲಿ ಇಂಥದ್ದು ಏನಿದೆ ಎಂಬ ಪ್ರಶ್ನೆ ಎದ್ದು, ದೇವನೂರ ಮಹಾದೇವರ 'ಒಡಲಾಳ'ದ ಹೆಸರು ಬಂದಾಗ ಮಾತ್ರ, 'ಅದು ದಲಿತ ಸಾಹಿತ್ಯ, ಅದೇ ಬೇರೆ' ಎಂದು ಮಾತು ಮುಗಿಯಿತು. ಅದು ಬೇರೆ ಹೇಗಾಯಿತು? ಎರಡರಲ್ಲೂ ಮನೆಯಲ್ಲಿ ಸಾಕಿದ ಪ್ರಾಣಿ ಇದೆ, ಹಸಿವಿದೆ, ಅಕ್ಕಪಕ್ಕದವರಿದ್ದಾರೆ, ಅಧಿಕಾರವಿದೆ. ಹಿತ್ತಲಲ್ಲಿ ಪ್ರಾಣಿ ಸಾಕಿ ತಿನ್ನುವ ಕುರಿತ ಬರವಣಿಗೆಯನ್ನು ಅಳೆಯಲು ನಾವು ತಪ್ಪು ಅಳತೆಗೋಲು ಹಿಡಿದಿದ್ದೇವೆ ಎನ್ನುವುದು ಈ ಲೇಖನದ ವಾದ. ಎಲ್ಲರೂ ಚೂರಿಯನ್ನು ನೋಡುತ್ತೇವೆ. ನೋಡಬೇಕಾದ್ದು ಮುಸುರೆಯ ಬಕೀಟನ್ನು. ಅದರಲ್ಲಿ ಏನಿದೆ, ಯಾರ ಮನೆಯಿಂದ ಬಂತು, ಅದು ಹಂದಿಗೆ ಸೇರದಿದ್ದರೆ ಬೇರೆ ಯಾರ ಬಾಯಿಗೆ ಸೇರುತ್ತಿತ್ತು ಎಂದು ಕೇಳಿದರೆ ಪುಸ್ತಕ ತನ್ನ ನಿಜವನ್ನು ಬಿಟ್ಟುಕೊಡುತ್ತದೆ.

* * *

ಮೊದಲು ನಾವಿರುವ ಈ ಬ್ರಿಟನ್ನಿನ ಬಕೀಟು.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಸರ್ಕಾರವೇ ಮುಂದೆ ನಿಂತು ಜನರಿಗೆ ಮನೆಯ ಹಿಂದೆ ಹಂದಿ, ಕೋಳಿ, ಮೊಲ ಸಾಕಲು ಹೇಳಿತು. ಬೀದಿಬೀದಿಯಲ್ಲಿ ಮುಸುರೆ ಸಂಗ್ರಹಿಸುವ ತೊಟ್ಟಿಗಳಿದ್ದವು. ನೆರೆಹೊರೆಯವರು ಕೂಡಿ 'ಪಿಗ್ ಕ್ಲಬ್' ಕಟ್ಟಿಕೊಂಡರು. ಕೋಳಿ ಸಾಕುವವರು ತಮ್ಮ ರೇಶನ್ ಮೊಟ್ಟೆಯನ್ನು ಬಿಟ್ಟುಕೊಟ್ಟರೆ ಅದರ ಬದಲು, ಮನೆಯ ಮುಸುರೆಗೆ ಬೆರೆಸಲು ಹಿಟ್ಟು ಸಿಗುತ್ತಿತ್ತು.

ಅದೇ ಬಕೀಟು 2001ರಲ್ಲಿ ಅಪರಾಧಿಯಾಯಿತು. ಆ ವರ್ಷದ ಕಾಲುಬಾಯಿ ಜ್ವರ ನಾರ್ಥಂಬರ್ಲ್ಯಾಂಡಿನ ಹೆಡನ್-ಆನ್-ದ-ವಾಲ್ ಎಂಬ ಊರಿನ ಹಂದಿ ಸಾಕಣೆಯಿಂದ, ಸರಿಯಾಗಿ ಕುದಿಸದ ಮುಸುರೆಯಿಂದ ಹಬ್ಬಿತೆಂದು ತನಿಖೆ ಹೇಳಿತು. ಅರವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದು ಹಾಕಿದರು. ಆ ವರ್ಷವೇ ಹಂದಿಗೆ ಮುಸುರೆ ಹಾಕುವುದು ನಿಷೇಧವಾಯಿತು. ಈಗಿನ ನಿಯಮದ ಪ್ರಕಾರ ಹಿತ್ತಲಲ್ಲಿ ಎರಡೇ ಕೋಳಿ ಸಾಕಿಕೊಂಡವರೂ ಅಡಿಗೆಮನೆ ಹಾಯ್ದು ಬಂದ ಏನನ್ನೂ ಅವಕ್ಕೆ ಹಾಕುವಂತಿಲ್ಲ. ತೋಟದಿಂದ ನೇರವಾಗಿ ಕಿತ್ತು ತಂದ ಸೊಪ್ಪು ಹಾಕಬಹುದು. ಅದೇ ಸೊಪ್ಪು ಅಡಿಗೆಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ ಹೊರಗೆ ಬಂದರೆ ಕಾನೂನುಬಾಹಿರ! ಒಂದೇ ಒಂದು ವಿನಾಯಿತಿ ಇದೆ: ಮನೆಯ ಅಡಿಗೆ ಪೂರ್ತಿ ವೀಗನ್ ಆಗಿದ್ದರೆ ಹಾಕಬಹುದು. ಹಾಲು, ತುಪ್ಪ ಬಳಸುವ ನಮ್ಮ ಸಸ್ಯಾಹಾರಿಗಳ ಅಡಿಗೆಮನೆಯೂ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದೇ ಒಂದು ಕೋಳಿ ಇದ್ದರೂ ಸರ್ಕಾರದಲ್ಲಿ ನೋಂದಾಯಿಸಬೇಕು.

ರೋಗದ ಭಯ ನಿಜವಾದದ್ದು, ನಿಯಮಕ್ಕೆ ವೈಜ್ಞಾನಿಕ ಕಾರಣವಿದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಮಡಿ ಅಡಿಗೆಮನೆಯ ಹೊಸ್ತಿಲನ್ನು ಕಂಡು ಬೆಳೆದವರಿಗೆ ಈ ನಿಯಮ ಓದುವಾಗ ಏನೋ ಪರಿಚಿತವಾದದ್ದು ಕಾಣದೆ ಇರದು. ವಸ್ತು ಅದೇ, ಹೊಸ್ತಿಲು ದಾಟಿದ ಮೇಲೆ ಅದರ ಜಾತಿ ಬೇರೆ. ವ್ಯತ್ಯಾಸ ಇಷ್ಟೇ, ಇಲ್ಲಿಯ ನಿಯಮ ವೈರಾಣುವಿಗೆ ಹೆದರುತ್ತದೆ. ನಮ್ಮದು ಮನುಷ್ಯರಿಗೆ ಹೆದರುತ್ತಿತ್ತು.

* * *

ಈ ಬಕೀಟನ್ನು ಕಣ್ಣು ತಪ್ಪಿಸದೆ ನೋಡಿದ ಇಂಗ್ಲಿಷ್ ಪುಸ್ತಕ ಫ್ಲೋರಾ ಥಾಮ್ಸನ್ ಅವರ 'ಲಾರ್ಕ್ ರೈಸ್' (1939). ಆಕ್ಸ್‌ಫರ್ಡ್‌ಶೈರಿನ ಜುನಿಪರ್ ಹಿಲ್ ಎಂಬ ಕುಗ್ರಾಮದಲ್ಲಿ 1876ರಲ್ಲಿ ಹುಟ್ಟಿದ ಲೇಖಕಿ ತಮ್ಮ ಬಾಲ್ಯದ 1880ರ ದಶಕವನ್ನು ಲಾರಾ ಎಂಬ ಹುಡುಗಿಯ ಕಣ್ಣಿನಿಂದ ಬರೆದಿದ್ದಾರೆ. ಟೆಲಿವಿಷನ್ ಧಾರಾವಾಹಿ ನೋಡಿದವರಿಗೆ ಇದು ಹೂವು, ಬಿಸಿಲು, ಲೇಸಿನ ಟೋಪಿಗಳ ಕಥೆ ಅನ್ನಿಸಬಹುದು. ಪುಸ್ತಕ ಹಾಗಿಲ್ಲ. ಅದರ ಶುರುವಿನಲ್ಲೇ ಹಂದಿ ಇದೆ.

ವಾರಕ್ಕೆ ಹತ್ತು ಶಿಲಿಂಗ್ ಕೂಲಿಯ ಮನೆಗಳು. ಪ್ರತಿ ಮನೆಗೂ ತಾಗಿಕೊಂಡೇ ಹಂದಿಗೂಡು. ಹಂದಿಯ ಹೊಟ್ಟೆಗೆ ಮನೆಮಂದಿಯೆಲ್ಲ ದುಡಿಯಬೇಕು. ಶಾಲೆಯಿಂದ ಬರುವ ಮಕ್ಕಳು ದಾರಿಬದಿಯ ಸೊಪ್ಪು ಕಿತ್ತು ತರುತ್ತಾರೆ. ಮಳೆಗಾಲದ ಸಂಜೆ ಬೇಲಿ ಸಾಲಿನಲ್ಲಿ ಬಸವನಹುಳು ಆರಿಸಿ ಬಕೀಟು ತುಂಬುತ್ತಾರೆ. ಮನೆಯ ಪಾತ್ರೆ ತೊಳೆದ ನೀರು, ಸಿಪ್ಪೆ, ಪುಟಾಣಿ ಆಲೂಗಡ್ಡೆ ಎಲ್ಲ ಸೇರುತ್ತದೆ. ಗಮನಿಸಿ: ಅಲ್ಲಿ ಮುಸುರೆ ಸಾಲುವುದಿಲ್ಲ. ಹತ್ತು ಶಿಲಿಂಗಿನ ಮನೆಯಲ್ಲಿ ತಟ್ಟೆಯಲ್ಲಿ ಬಿಡುವವರು ಯಾರು? ಆದ್ದರಿಂದಲೇ ಬಸವನಹುಳು. ಆದ್ದರಿಂದಲೇ ಸಾಲ.

ಕೊಬ್ಬಿಸುವ ಕಾಲ ಬಂದಾಗ ಬಾರ್ಲಿ ಹಿಟ್ಟು ಬೇಕು. ಕೈಯಲ್ಲಿ ಕಾಸಿಲ್ಲ. ಹಿಟ್ಟಿನ ಗಿರಣಿಯವನಿಗೋ ಬೇಕರಿಯವನಿಗೋ ಬದುಕಿರುವ ಹಂದಿಯ ಅರ್ಧ ಭಾಗವನ್ನು ಮೊದಲೇ ಬರೆದುಕೊಟ್ಟು ಹಿಟ್ಟು ತರುತ್ತಾರೆ. ಹಾಗಾಗಿ ಊರ ಹೆಂಗಸರು ಅರ್ಧ ಹಂದಿ ಕೊಯ್ಯುವ ಮಾತಾಡುತ್ತಾರೆ. ಗೊತ್ತಿಲ್ಲದವರು ಉಳಿದರ್ಧ ಗೂಡಿನಲ್ಲಿ ಓಡಾಡಿಕೊಂಡಿರುತ್ತದೇನೋ ಎಂದುಕೊಳ್ಳಬೇಕು ಎಂದು ಥಾಮ್ಸನ್ ಸಣ್ಣಗೆ ನಗುತ್ತಾರೆ. ನಮ್ಮ ಕಡೆ ಕುರಿ, ಕೋಳಿಯನ್ನು 'ಪಾಲಿಗೆ' ಕೊಡುವ ಪದ್ಧತಿ ಕಂಡವರಿಗೆ ಈ ನಗೆಯ ಒಳಗಿನ ಗಾಯ ತಿಳಿಯುತ್ತದೆ. ಸಾಕುವ ಕೈ ಒಂದು, ಬಂಡವಾಳದ ಕೈ ಇನ್ನೊಂದು. ಮರಿ ಹುಟ್ಟುವ ಮೊದಲೇ ಪಾಲು ಎದ್ದುಹೋಗಿರುತ್ತದೆ.

ಕೊಯ್ಯುವ ದೃಶ್ಯವನ್ನೂ ಆಕೆ ಬರೆದಿದ್ದಾರೆ. ಚಂದ್ರ ಬೆಳೆಯುವ ಪಕ್ಷದಲ್ಲೇ ಕೊಯ್ಯಬೇಕು, ಕ್ಷೀಣಿಸುವ ಪಕ್ಷದಲ್ಲಿ ಕೊಯ್ದರೆ ಮಾಂಸ ಬೇಯುವಾಗ ಕುಗ್ಗುತ್ತದೆ ಎಂಬ ನಂಬಿಕೆ. (ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕಗಳನ್ನು ಮೂಢನಂಬಿಕೆ ಎನ್ನುವ ಮೊದಲು ಇದನ್ನೊಮ್ಮೆ ಓದಬೇಕು.) ಕೊಯ್ಯುವವನು ಹಗಲೆಲ್ಲ ಹುಲ್ಲಿನ ಸೂರು ಹೊದಿಸುವ ಕೆಲಸದವನು, ಕತ್ತಲಾದ ಮೇಲೆಯೇ ಬರಲು ಸಾಧ್ಯ. ಲಾಟೀನು ಬೆಳಕು, ಕೂದಲು ಸುಡಲು ಹೊತ್ತಿಸಿದ ಹುಲ್ಲಿನ ಬೆಂಕಿ. ಗದ್ದಲ, ರಕ್ತ, ಸಂಭ್ರಮ. ಇಷ್ಟರ ನಡುವೆ ಸತ್ತ ಹಂದಿಯ ಪಕ್ಕ ಒಬ್ಬಳೇ ನಿಂತು ಮರುಗುವ ಒಬ್ಬ ಪುಟ್ಟ ಹುಡುಗಿ.

ಈ ಹುಡುಗಿಯನ್ನು ಆಧುನಿಕ ಲೇಖಕರಾದರೆ ಪುಸ್ತಕದ ನಡುಮಧ್ಯೆ ಕೂರಿಸಿಬಿಡುತ್ತಿದ್ದರು. ಅವಳ ಮರುಕವೇ ಪುಸ್ತಕವಾಗುತ್ತಿತ್ತು. ಥಾಮ್ಸನ್ ಆಕೆಗೆ ಕೆಲವೇ ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ಮರುದಿನ ಮನೆಯಾಕೆ ಕೊಬ್ಬು ಕರಗಿಸಬೇಕು, ಮಾಂಸಕ್ಕೆ ಉಪ್ಪು ಹಚ್ಚಬೇಕು, ಹಂದಿ ಕೊಯ್ಯದ ನೆರೆಮನೆಗೆ ಒಂದು ತಟ್ಟೆ ಕಳಿಸಬೇಕು. ಮರುಕ ಸುಳ್ಳಲ್ಲ. ಆದರೆ ಆ ಮನೆಯಲ್ಲಿ ಮರುಕಕ್ಕೆ ಸಿಗುವ ಹೊತ್ತು ಅಷ್ಟೇ. ಬಡತನವನ್ನು ಬರೆಯುವಾಗ ಈ ಪ್ರಮಾಣಬುದ್ಧಿ ತುಂಬ ಅಪರೂಪ. ಥಾಮಸ್ ಹಾರ್ಡಿಯವರ 'ಜೂಡ್ ದಿ ಅಬ್‌ಸ್ಕ್ಯೂರ್' (1895) ಕಾದಂಬರಿಯಲ್ಲೂ ಮನೆಯಲ್ಲಿ ಸಾಕಿದ ಹಂದಿಯನ್ನು ಕೊಯ್ಯುವ ಪ್ರಸಿದ್ಧ ದೃಶ್ಯವಿದೆ. ಹಿಮ ಬಿದ್ದು ಕೊಯ್ಯುವವನು ಹೊತ್ತಿಗೆ ಬರುವುದಿಲ್ಲ, ಗಂಡಹೆಂಡತಿಯೇ ಕೈಹಾಕುತ್ತಾರೆ. ಮಾಂಸ ಚೆನ್ನಾಗಿರಲು ನಿಧಾನವಾಗಿ ರಕ್ತ ಬಸಿಯಬೇಕು ಎನ್ನುವ ಅರಬೆಲ್ಲಾ, ಬೇಗ ಸಾಯಲಿ ಎಂದು ಆಳಕ್ಕೆ ಇರಿಯುವ ಜೂಡ್. ಹಾರ್ಡಿಯ ಒಲವು ಸ್ಪಷ್ಟವಾಗಿ ಜೂಡ್ ಕಡೆ. ಮೃದುಹೃದಯದ, ಗ್ರೀಕ್ ಲ್ಯಾಟಿನ್ ಕನಸಿನ ಗಂಡಸು, ಒರಟಾದ ಹೆಂಗಸು. ಆದರೆ ಬಕೀಟು ಹಿಡಿದು ಕೇಳಿ: ಆ ಹಂದಿಯ ಮಾಂಸ ಮಾರಿ ಚಳಿಗಾಲ ಕಳೆಯುವ ಲೆಕ್ಕ ಯಾರ ತಲೆಯಲ್ಲಿತ್ತು? ಅರಬೆಲ್ಲಾಳ ಒರಟುತನದ ಹಿಂದೆ ಒಂದು ಮನೆವಾರ್ತೆಯ ಲೆಕ್ಕವಿದೆ. ಹಾರ್ಡಿಗೆ ಅದು ಗೊತ್ತಿದೆ, ಅವಳ ಬಾಯಿಂದಲೇ ಆಡಿಸುತ್ತಾರೆ ಕೂಡ. ಆದರೂ ಕಾದಂಬರಿಯ ಕರುಣೆ ಚೂರಿಯ ಸುತ್ತಲೇ ಸುಳಿಯುತ್ತದೆ. ನಮ್ಮ ಓದಿನ ಅಭ್ಯಾಸ ಹಾರ್ಡಿಯಿಂದ ಬಂದದ್ದು, ಥಾಮ್ಸನ್ ಅವರಿಂದ ಬಂದದ್ದಲ್ಲ.

* * *

ಈಗ ನಮ್ಮವರು ಮೆಚ್ಚಿದ 'ಫಾರ್ಮ್ ಸಿಟಿ'ಗೆ ಬರೋಣ. ಓಕ್‌ಲ್ಯಾಂಡ್ ನಗರದ 'ಘೋಸ್ಟ್‌ಟೌನ್' ಎಂಬ ಬಡ ಬಡಾವಣೆಯಲ್ಲಿ ಬಾಡಿಗೆ ಮನೆ. ಪಕ್ಕದಲ್ಲಿ ಯಾರದೋ ಖಾಲಿ ಸೈಟು. ಹೇಳದೆ ಕೇಳದೆ ಅಲ್ಲೇ ತೋಟ. ಪುಸ್ತಕಕ್ಕೆ ಮೂರು ಭಾಗ: ಟರ್ಕಿ, ಮೊಲ, ಹಂದಿ. ಪ್ರಾಣಿ ದೊಡ್ಡದಾದಂತೆ ಸಾಹಸವೂ ದೊಡ್ಡದಾಗುತ್ತದೆ. ಮಾತು ಲವಲವಿಕೆಯದು, ತನ್ನನ್ನೇ ಗೇಲಿ ಮಾಡಿಕೊಳ್ಳುವ ಗುಣ ಚೆನ್ನಾಗಿದೆ, ಎಲ್ಲಿಯೂ ಬೋರ್ ಹೊಡೆಸುವುದಿಲ್ಲ.

ನಮ್ಮ ಚರ್ಚೆಯಲ್ಲಿ ಎಲ್ಲರೂ ಎತ್ತಿಕೊಂಡದ್ದು ಟರ್ಕಿಯನ್ನು ಕೊಲ್ಲುವ ಪುಟಗಳನ್ನು. ಹೆರಾಲ್ಡ್ ಎಂದು ಹೆಸರಿಟ್ಟು ಸಾಕಿದ ಟರ್ಕಿಯನ್ನು ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕೈಯಾರೆ ಕೊಲ್ಲುವುದು. ಭಯ, ಗೌರವ, ಕೃತಜ್ಞತೆ. ನನಗೆ ಈ ಪುಟಗಳು ಪುಸ್ತಕದ ಅತ್ಯಂತ ನಿರೀಕ್ಷಿತ ಪುಟಗಳು ಅನ್ನಿಸಿದವು. ಇಂಥ ಪುಸ್ತಕ ಕೈಗೆತ್ತಿಕೊಂಡಾಗಲೇ ಈ ದೃಶ್ಯ ಬರುತ್ತದೆಂದು ಗೊತ್ತಿರುತ್ತದೆ. ಅದರ ಭಾವವೂ ಹೆಚ್ಚುಕಡಿಮೆ ಗೊತ್ತಿರುತ್ತದೆ. ಕೊಲ್ಲುವ ಕ್ಷಣದಲ್ಲಿ ಲೇಖಕಿ ತನ್ನೊಳಗನ್ನು ನೋಡಿಕೊಳ್ಳುತ್ತಾರೆ. ನಾವು ಓದುಗರು ನಮ್ಮೊಳಗನ್ನು ನೋಡಿಕೊಂಡು, ಪ್ಲಾಸ್ಟಿಕ್ ಸುತ್ತಿದ ಸೂಪರ್‌ಮಾರ್ಕೆಟ್ ಕೋಳಿಯನ್ನು ನೆನೆದು ಸ್ವಲ್ಪ ತಪ್ಪಿತಸ್ಥರಾಗಿ, ಹಾಗೆ ತಪ್ಪಿತಸ್ಥರಾದದ್ದಕ್ಕೆ ಸ್ವಲ್ಪ ಹಗುರಾಗಿ ಪುಟ ತಿರುಗಿಸುತ್ತೇವೆ.

ಪುಸ್ತಕದ ನಿಜವಾದ ಜೀವ ಬೇರೆ ಕಡೆ ಇದೆ. ಎರಡು ಹಂದಿಮರಿ ತಂದ ಮೇಲೆ ಅವುಗಳ ಹೊಟ್ಟೆ ತುಂಬಿಸುವುದೇ ಲೇಖಕಿಯ ಮತ್ತು ಅವರ ಗೆಳೆಯನ ದಿನಚರಿಯಾಗುತ್ತದೆ. ರಾತ್ರಿ ಹೊತ್ತು ಬಕೀಟು ಹಿಡಿದು ಓಕ್‌ಲ್ಯಾಂಡಿನ ಚೈನಾಟೌನಿನ ಕಸದ ತೊಟ್ಟಿಗಳಿಗೆ ಇಳಿಯುತ್ತಾರೆ. ಸೊಪ್ಪು, ಹಣ್ಣು, ಮೀನಿನ ಕರುಳು. ಬರ್ಕ್ಲಿಯಲ್ಲಿ ಆಗ ಇದ್ದ ಎಕ್ಕೊಲೊ ಎಂಬ ಇಟಾಲಿಯನ್ ಹೋಟೆಲಿನ ಹಿಂದಿನ ತೊಟ್ಟಿಯಲ್ಲಂತೂ ಉತ್ಕೃಷ್ಟ ಎಂಜಲು! ಅಲ್ಲಿಯ ಬಾಣಸಿಗ ಕ್ರಿಸ್ ಲೀ ಅವರ ಪರಿಚಯವಾಗಿ, ಹಂದಿಮಾಂಸಕ್ಕೆ ಉಪ್ಪು ಹಚ್ಚಿ ಇಡುವ ವಿದ್ಯೆಯನ್ನು ಅವರಿಂದಲೇ ಕಲಿಯುತ್ತಾರೆ. ಹೋಟೆಲಿನ ಹಿಂಬಾಗಿಲಿಂದ ಹೊರಬಿದ್ದದ್ದು ಹಂದಿಯ ಹೊಟ್ಟೆ ಹೊಕ್ಕು, ಬಾಣಸಿಗರ ಕೈಗೇ ಮಾಂಸವಾಗಿ ಮರಳುತ್ತದೆ.

ನನ್ನ ವೃತ್ತಿಯಲ್ಲಿ ಒಂದು ಪ್ರೋಗ್ರಾಮನ್ನು ಪರೀಕ್ಷಿಸುವಾಗ ಅದರ ಔಟ್‌ಪುಟ್ ಚೆಂದವಿದೆಯೇ ಎಂದು ನೋಡಿ ಸುಮ್ಮನಾಗುವಂತಿಲ್ಲ, ಇನ್‌ಪುಟ್ ಎಲ್ಲಿಂದ ಬಂತೆಂದು ಹುಡುಕಬೇಕು. ಆ ಚಾಳಿಯಿಂದ ಈ ಪುಟಗಳನ್ನು ಓದಿದರೆ ಒಂದು ನಗರದ ಚಿತ್ರ ಸಿಗುತ್ತದೆ. ಎರಡು ಹಂದಿ ತಿಂಗಳುಗಟ್ಟಲೆ ತಿಂದು ಕೊಬ್ಬುವಷ್ಟು ಊಟವನ್ನು ಕೆಲವೇ ಬೀದಿಗಳು ಎಸೆಯುತ್ತವೆ. ಅದೇ ಬೀದಿಯಲ್ಲಿ, ಲೇಖಕಿಯ ಮನೆಯ ಮುಂದೆಯೇ, ಬಾಬಿ ಎಂಬಾತ ಕೆಟ್ಟು ನಿಂತ ಕಾರುಗಳಲ್ಲಿ ಮಲಗುತ್ತಾನೆ. ತೋಟದ ಬಾಗಿಲಿಗೆ ಬೀಗವಿಲ್ಲ, ಯಾರು ಬೇಕಾದರೂ ಕಿತ್ತುಕೊಂಡು ಹೋಗಬಹುದು ಎಂದು ಲೇಖಕಿ ಬಿಟ್ಟಿದ್ದಾರೆ. ಅವರ ಉದಾರತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ತೊಟ್ಟಿಯಲ್ಲಿ ಊಟ ಹುಡುಕುವವರು ಇಬ್ಬರಿದ್ದಾರೆ ಈ ಪುಸ್ತಕದಲ್ಲಿ. ಒಬ್ಬರಿಗೆ ಅದು ಹಂದಿಗಾಗಿ ಮಾಡುವ ಸಾಹಸ. ಬಾಬಿಯಂಥವರಿಗೆ ಅದು ಬದುಕು. ಈ ಎರಡನ್ನೂ ಒಂದೇ ಪುಟದಲ್ಲಿ ಎದುರುಬದುರು ನಿಲ್ಲಿಸಿದ್ದರೆ ಪುಸ್ತಕ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು. ಕಾರ್ಪೆಂಟರ್ ಬಾಬಿಯನ್ನು ಪ್ರೀತಿಯಿಂದ ಬರೆಯುತ್ತಾರೆ, ಹಂದಿಯನ್ನೂ ಪ್ರೀತಿಯಿಂದ ಬರೆಯುತ್ತಾರೆ, ನಡುವೆ ಗೆರೆ ಎಳೆಯುವುದಿಲ್ಲ.

ಇನ್ನೊಂದು ವಿಷಯ. ಹಂದಿಗಳನ್ನು ಕೊಲ್ಲುವಾಗ ತಾನು ಜೊತೆಗಿರಬೇಕೆಂಬುದು ಲೇಖಕಿಯ ಆಸೆ. ಆದರೆ ಕೊಲ್ಲಲು ಒಪ್ಪಿಕೊಂಡಾಕೆ ಇವರು ಬಂದು ಮುಟ್ಟುವ ಮೊದಲೇ ಕೆಲಸ ಮುಗಿಸಿಬಿಟ್ಟಿರುತ್ತಾಳೆ. ಲೇಖಕಿಗೆ ಸಿಟ್ಟು, ನಿರಾಸೆ. ಪುಸ್ತಕದ ದೊಡ್ಡ ಪ್ರಾಣಿಯ ಕಥೆಗೆ ಚೂರಿಯ ದೃಶ್ಯವೇ ಸಿಗದೆ ಹೋಯಿತು! ನನಗಂತೂ ಇದು ಪುಸ್ತಕದ ಅದೃಷ್ಟ ಅನ್ನಿಸಿತು. ಪ್ರಾಣಿ ಕೊಯ್ಯುವುದು ದಿನದ ಕೆಲಸವಾಗಿರುವಾಕೆಗೆ ಅದು ಅಧ್ಯಾತ್ಮವಲ್ಲ, ಬೆಳಗಿನ ಕೆಲಸ. ಲಾರ್ಕ್ ರೈಸಿನ ಸೂರು ಹೊದಿಸುವವನ ವಂಶ ಆಕೆಯದು.

* * *

ಇನ್ನು ಬಕೀಟಿನ ಇನ್ನೊಂದು ಪಕ್ಕದಿಂದ ಬರೆದವರು.

ಓಂಪ್ರಕಾಶ್ ವಾಲ್ಮೀಕಿ (1950-2013) ಅವರ ಹಿಂದಿ ಆತ್ಮಕಥೆ 1997ರಲ್ಲಿ ಬಂತು. ಹೆಸರೇ 'ಜೂಠನ್', ಅಂದರೆ ಎಂಜಲು. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಬರ್ಲಾ ಎಂಬ ಊರು. ಕೇರಿಯಲ್ಲಿ ಹಂದಿ ಸಾಕುವುದು ಬದುಕಿನ ಭಾಗ. ಮದುವೆ ಮನೆಯ ಊಟದ ಹೊತ್ತಿಗೆ ಕೇರಿಯವರು ಬುಟ್ಟಿ ಹಿಡಿದು ಹೊರಗೆ ಕಾಯುತ್ತಾರೆ; ಎದ್ದವರ ಎಲೆಯಲ್ಲಿ ಉಳಿದ ಪೂರಿ ಚೂರುಗಳು ಅವರದು. ಮನೆಗೆ ತಂದು ಮಂಚದ ಮೇಲೆ ಹರಡಿ ಬಿಸಿಲಿಗೆ ಒಣಗಿಸುತ್ತಾರೆ, ಮಳೆಗಾಲದ ಹಸಿವಿಗೆ. ಒಣಗುವ ಆ ಪೂರಿಗಳನ್ನು ಕಾಯಲು ಹುಡುಗನನ್ನು ಕೂರಿಸುತ್ತಾರೆ. ಏಕೆಂದರೆ ಕಾಗೆ, ಕೋಳಿ, ನಾಯಿ ಬಂದು ತಿಂದುಬಿಡುತ್ತವೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಒಂದು ಮಂಚ, ಅದರ ಮೇಲೆ ಯಾರದೋ ಎಂಜಲು, ಒಂದು ಪಕ್ಕ ಕೋಳಿ, ಇನ್ನೊಂದು ಪಕ್ಕ ಮಗು. ಮುಸುರೆಯಿಂದ ಪ್ರಾಣಿ ಸಾಕುವುದರ ಬಗ್ಗೆ ಬಂದ ಎಲ್ಲ ಸುಂದರ ಬರವಣಿಗೆಗೂ ಒಂದು ತಳಪಾಯದ ನಂಬಿಕೆ ಇದೆ: ಮನುಷ್ಯ ತಿನ್ನಲಾಗದ್ದನ್ನು ಪ್ರಾಣಿ ತಿಂದು, ಮನುಷ್ಯ ತಿನ್ನುವ ವಸ್ತುವನ್ನಾಗಿ ಮಾಡಿಕೊಡುತ್ತದೆ ಎಂಬುದು. ವಾಲ್ಮೀಕಿಯವರ ಮಂಚ ಆ ನಂಬಿಕೆಯನ್ನೇ ಅಲುಗಾಡಿಸುತ್ತದೆ. 'ಮನುಷ್ಯ ತಿನ್ನಲಾಗದ್ದು' ಎಂಬ ಗೆರೆಯನ್ನು ಎಳೆದವರು ಯಾರು? ಆ ಗೆರೆಯ ಆಚೆ ಮನುಷ್ಯರೇ ಇದ್ದರು, ತಮ್ಮ ಪಾಲನ್ನು ಕೋಳಿಯಿಂದ ಕಾಯುತ್ತಿದ್ದರು.

ಲೇಖಕರ ತಾಯಿ ಒಂದು ಮದುವೆಯಲ್ಲಿ ಮಕ್ಕಳಿಗೆ ಒಂದಿಷ್ಟು ಒಳ್ಳೆಯ ಊಟ ಕೇಳುತ್ತಾರೆ. ಬುಟ್ಟಿ ತುಂಬ ಎಂಜಲಿದೆಯಲ್ಲ, ಇನ್ನೇನು ಬೇಕು ಎಂಬರ್ಥದ ಉತ್ತರ ಸಿಗುತ್ತದೆ. ಆ ತಾಯಿ ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿ ಮಕ್ಕಳ ಕೈಹಿಡಿದು ಹೊರಡುತ್ತಾರೆ. ಅಂದಿಗೆ ಆ ಮನೆಯಲ್ಲಿ ಎಂಜಲು ತರುವುದು ನಿಂತಿತು. ಧೈರ್ಯ ಎಂಬ ಮಾತನ್ನು ಕಾರ್ಪೆಂಟರ್ ಅವರ ಚೂರಿಗೆ ಅಷ್ಟು ಧಾರಾಳವಾಗಿ ಕೊಟ್ಟವರು, ಈ ಬೋರಲು ಬಿದ್ದ ಬುಟ್ಟಿಗೆ ಯಾವ ಮಾತು ಉಳಿಸಿಕೊಂಡಿದ್ದೀರಿ?

'ಒಡಲಾಳ' ಇದೇ ವಿಷಯವನ್ನು ಇನ್ನೊಂದು ರೀತಿಯಲ್ಲಿ ಹಿಡಿಯುತ್ತದೆ. ನಂಜನಗೂಡು ಸೀಮೆಯ ಮಾತಿನಲ್ಲಿ ಬರೆದ ಆ ನೀಳ್ಗತೆ ಶುರುವಾಗುವುದು ಸಾಕವ್ವ ತನ್ನ ಕಳೆದುಹೋದ ಹುಂಜವನ್ನು ಹುಡುಕುವುದರಿಂದ. ಇಲ್ಲಿ ಕೊಲ್ಲುವ ನೋವು ಕಥೆಯ ವಿಷಯವೇ ಅಲ್ಲ. ಕಳೆದುಕೊಂಡ ನೋವು ವಿಷಯ. ಒಂದು ಹುಂಜಕ್ಕೆ ಒಬ್ಬ ಮುದುಕಿ ಇಷ್ಟು ಹಲುಬಬೇಕೆ ಎಂದು ಪೇಟೆಯ ಓದುಗರಿಗೆ ಮೊದಲಿಗೆ ನಗು ಬಂದರೂ ಬರಬಹುದು. ನಮ್ಮ ಜನಪದದಲ್ಲೂ ಒಬ್ಬ ಮುದುಕಿ ಇದ್ದಾಳಲ್ಲ, ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುತ್ತದೆ ಎಂದು ಬೀಗಿದವಳು! ಆ ಕಥೆ ಮುದುಕಿಯ ಜಂಬವನ್ನು ನೋಡಿ ನಗಲು ಕಲಿಸಿತು. ಊರಿನ ಬೆಳಗು ಅವಳ ಕೋಳಿಯ ಹಂಗಿನಲ್ಲಿಲ್ಲ, ನಿಜ. ಅವಳ ಬೆಳಗು ಮಾತ್ರ ಅದರ ಹಂಗಿನಲ್ಲೇ ಇತ್ತು ಎಂದು ಆ ಕಥೆ ಹೇಳಲಿಲ್ಲ. ಸಾಕವ್ವನನ್ನು ಓದಿದ ಮೇಲೆ ಆ ಹಳೆಯ ಗಾದೆಕಥೆಯನ್ನು ಮೊದಲಿನ ಹಾಗೆ ಮಕ್ಕಳಿಗೆ ಹೇಳುವುದು ಕಷ್ಟ.

ಏಕೆಂದರೆ ಹಿತ್ತಲ ಕೋಳಿ ಎಂದರೆ ಹೆಂಗಸಿನ ಕೈಯ ಇಡುಗಂಟು. ಗಂಡನ ಕೂಲಿ ಗಂಡನದು, ಹೊಲ ಇನ್ನಾರದೋ. ಮೊಟ್ಟೆ ಮಾರಿದ ಕಾಸು, ಹಬ್ಬಕ್ಕೆ ಹುಂಜ ಮಾರಿದ ಕಾಸು ಇವಳದು. ನೆಂಟರು ಬಂದರೆ ಮರ್ಯಾದೆ, ಕಾಯಿಲೆ ಬಿದ್ದರೆ ಔಷಧಿ, ದೇವರಿಗೆ ಹರಕೆ ಎಲ್ಲಕ್ಕೂ ಅದೇ. ಬಾಗಿಲ ಮುಂದೆ ಓಡಾಡಿಕೊಂಡು, ತಾನೇ ಕೆದಕಿ ತಿಂದು ಬೆಳೆಯುವ ಇಡುಗಂಟು. ಬೀಗ ಹಾಕಿಡಲಾಗದ ಇಡುಗಂಟು ಕೂಡ.

ಅದೇ ಕಥೆಯಲ್ಲಿ ಮುಂದೆ, ಎತ್ತಪ್ಪ ಸಾಹುಕಾರರ ಕಡಲೆಕಾಯಿ ಕದ್ದು ತಂದದ್ದು ಮನೆಗೆ ಬರುತ್ತದೆ. ರಾತ್ರಿಯಿಡೀ ಮನೆಮಂದಿಯೆಲ್ಲ ಕೂತು ತಿನ್ನುತ್ತಾರೆ. ಕನ್ನಡದಲ್ಲಿ ಊಟದ ಸಂತೋಷವನ್ನು ಇದಕ್ಕಿಂತ ತುಂಬಿ ಬರೆದ ಪುಟಗಳು ನನಗೆ ಗೊತ್ತಿಲ್ಲ. ಬೆಳಗಾದರೆ ಪೊಲೀಸರು. 'ಫಾರ್ಮ್ ಸಿಟಿ'ಯ ಪಕ್ಕ ಇಟ್ಟು ನೋಡಿ. ಅಲ್ಲಿ ಯಾರದೋ ಸೈಟಿನಲ್ಲಿ ತೋಟ ಹಾಕಿದ್ದು ಓದುಗರಿಗೆ ಖುಷಿ ಕೊಡುವ ತುಂಟತನ. ಇಲ್ಲಿ ಕಡಲೆಕಾಯಿ ಕಳವು, ಮನೆಯ ಮೇಲೆ ಪೊಲೀಸರ ದಾಳಿ. ಇನ್ನೂ ಒಂದು ಮಾತಿದೆ. ಸಾಕವ್ವನ ಹುಂಜ ಕಳೆದಾಗ ಹುಡುಕಿಕೊಡಲು ಯಾವ ಪೊಲೀಸೂ ಬರಲಿಲ್ಲ. ಸಾಹುಕಾರರ ಕಡಲೆಕಾಯಿಗೆ ಒಂದೇ ರಾತ್ರಿಯಲ್ಲಿ ಬಂದರು. ಎರಡು ಕಳವು, ಎರಡು ಬೆಲೆ. ಈ ಹೋಲಿಕೆಯನ್ನು ದೇವನೂರರು ಬಾಯಿಬಿಟ್ಟು ಹೇಳುವುದಿಲ್ಲ. ಹುಂಜವನ್ನು ಮೊದಲಿಗೂ ಪೊಲೀಸರನ್ನು ಆಮೇಲೂ ಇಟ್ಟು ಸುಮ್ಮನಿದ್ದಾರೆ.

* * *

ಇದಕ್ಕೆ ಬರಬಹುದಾದ ಆಕ್ಷೇಪ ಗೊತ್ತಿದೆ. ಬೇಕೆಂದು ಆರಿಸಿಕೊಂಡು ಮಾಡಿದ್ದನ್ನು, ಬೇರೆ ದಾರಿಯಿಲ್ಲದೆ ಮಾಡಿದ್ದರ ಪಕ್ಕ ಇಟ್ಟು ತೂಗುವುದು ನ್ಯಾಯವೇ? ಕಾರ್ಪೆಂಟರ್ ಬಡವರಾಗಿರಲಿಲ್ಲ ಎನ್ನುವುದು ಅವರ ಅಪರಾಧವೇ? ಖಂಡಿತ ಅಲ್ಲ. ಎಸೆದದ್ದನ್ನು ಎತ್ತಿ ತಂದು ಪ್ರಾಣಿ ಸಾಕುವುದು ಎಸೆಯುವುದಕ್ಕಿಂತ ಒಳ್ಳೆಯದು. ಅದರ ಬಗ್ಗೆ ನಗುನಗುತ್ತಾ ಬರೆಯುವುದೂ ಒಳ್ಳೆಯದೇ. ನನ್ನ ತಕರಾರು ಪುಸ್ತಕಕ್ಕಿಂತ ನಮ್ಮ ಓದಿನ ಮೇಲೆ. ಆರಿಸಿಕೊಂಡವರ ಹಿತ್ತಲನ್ನು 'ಸಾಹಿತ್ಯ' ಎಂದೂ, ಆರಿಸಿಕೊಳ್ಳಲಾಗದವರ ಹಿತ್ತಲನ್ನು 'ದಲಿತ ಸಾಹಿತ್ಯ, ಅದೇ ಬೇರೆ' ಎಂದೂ ಎರಡು ಪಾತ್ರೆಯಲ್ಲಿ ಎತ್ತಿಡುವುದು ನಾವು ಬಿಟ್ಟುಬಂದೆವು ಎಂದುಕೊಂಡ ಆ ಅಡಿಗೆಮನೆಯ ನಿಯಮವೇ. ಪಾತ್ರೆಗಳು ವಿಮಾನದಲ್ಲಿ ನಮ್ಮ ಜೊತೆಗೇ ಬಂದಿವೆ.

ಸಸ್ಯಾಹಾರಿ ಮಿತ್ರರ ಇನ್ನೊಂದು ಮಾತೂ ಕಿವಿಗೆ ಬಿದ್ದಿದೆ: ಇದೆಲ್ಲ ಮಾಂಸ ತಿನ್ನುವವರ ತಲೆನೋವು, ನಮಗೇನು ಸಂಬಂಧ? ಚೂರಿಯ ಅಳತೆಗೋಲು ಹಿಡಿದರೆ ಸಂಬಂಧವಿಲ್ಲ, ಒಪ್ಪಿದೆ. ಬಕೀಟಿನ ಅಳತೆಗೋಲು ಹಿಡಿದರೆ ಇದೆ. ತಂಗಳು, ಕಲಗಚ್ಚು, ಮುಸುರೆ, ಎಂಜಲು ಎಂಬ ವಿಂಗಡಣೆ ಸಸ್ಯಾಹಾರಿ ಅಡಿಗೆಮನೆಯಲ್ಲೂ ಅಷ್ಟೇ ಕಟ್ಟುನಿಟ್ಟು. ಮದುವೆಮನೆಯ ಎಲೆ ಎತ್ತಿದ ಮೇಲೆ ಅದು ಎಲ್ಲಿ ಹೋಯಿತು, ಛತ್ರದ ಹಿಂಬಾಗಿಲ ಹೊರಗೆ ಯಾರು ಕಾದಿದ್ದರು ಎನ್ನುವುದು ಮಾಂಸಕ್ಕೆ ಸಂಬಂಧಪಟ್ಟ ಪ್ರಶ್ನೆಯಲ್ಲ.

ಮುಂದಿನ ತಿಂಗಳ ಓದಿಗೆ 'ಒಡಲಾಳ'ವನ್ನೇ ಇಡೋಣ ಎನ್ನುವುದು ನನ್ನ ಸೂಚನೆ. ದಲಿತ ಸಾಹಿತ್ಯದ ವಿಶೇಷ ಸಭೆ ಎಂದು ಬೇರೆ ದಿನ ಬೇಡ. 'ಊಟ' ಎಂಬ ಇದೇ ಸರಣಿಯಲ್ಲಿ, 'ಲಾರ್ಕ್ ರೈಸ್' ಪುಸ್ತಕದ ಮೊದಲ ಭಾಗದ ಜೊತೆಗೆ. ಸಾಕವ್ವನ ಮಾತು ಕೆಲವರಿಗೆ ಮೊದಲ ಎರಡು ಪುಟ ಕಷ್ಟವಾಗಬಹುದು. ಚಾಮರಾಜನಗರ, ನಂಜನಗೂಡು ಕಡೆಯವರು ಕೂಟದಲ್ಲಿ ಇದ್ದಾರೆ. ಅವರು ಗಟ್ಟಿಯಾಗಿ ಓದಲಿ, ಉಳಿದವರು ಕೇಳೋಣ. ಓದುವಾಗ ಒಂದೇ ಒಂದು ವಿಷಯ ಗುರುತು ಹಾಕಿಕೊಳ್ಳಿ: ಆ ಮನೆಯಲ್ಲಿ ಯಾವ ಪುಟದಲ್ಲಾದರೂ ಕೋಳಿಗೆ ಹಾಕುವಷ್ಟು ಏನಾದರೂ ಮಿಕ್ಕಿದೆಯೇ?